ನೀರಿಳಿದ ನೆಲದ ಸುತ್ತುಗಳು

ಹೊಸದಾಗಿ ಕೆಲಸಕ್ಕೆ ಸೇರಿದ ಇಬ್ಬರು ದೈಹಿಕ ಶಿಕ್ಷಕರು ಈಚೆಗೆ ಮನೆಗೆ ಬಂದಿದ್ದರು. "ನಿಮ್ಮ ಕಾಲದಲ್ಲಿ ಟ್ರ್ಯಾಕೇ ಇರ್ಲಿಲ್ಲವಲ್ಲ ಸಾರ್, ಮ್ಯಾರಥಾನ್‌ಗೆ ಹೇಗೆ ತಯಾರಿ ಮಾಡಿಸ್ತಿದ್ರಿ?" ಎಂದು ಕೇಳಿದರು. ನಾನು ತಡೆಯಿಲ್ಲದೆ ಮಾತಾಡಿದೆ. ಅವರು ಹೊರಟ ಮೇಲೆ ಕೂರಲಾಗಲಿಲ್ಲ. ಹೇಳಿದ್ದೆಲ್ಲ ತೀರ ಸರಾಗವಾಗಿ ಬಂದಿತ್ತು. ನನ್ನ ಅನುಮಾನಕ್ಕೆ ಅದೇ ಕಾರಣ. ಹತ್ತಾರು ಸಲ ಹೇಳಿ ನಯವಾಗಿರುವ ಕಥೆಯಲ್ಲಿ ನಡೆದದ್ದೆಷ್ಟು, ನಾನು ತುಂಬಿದ್ದೆಷ್ಟು? ಹಳೆಯ ದಿನಚರಿಗಳನ್ನು ತೆಗೆದು ನೋಡಿದೆ. ಸೆಕೆಂಡುಗಳಿವೆ, ಸುತ್ತುಗಳಿವೆ, ಯಾರ ಮಂಡಿ ಯಾವ ದಿನ ನೋಯುತ್ತಿತ್ತು ಎಂಬುದಿದೆ. ಮಾತುಗಳಿಲ್ಲ. ಮಾತು ಬರೆದಿಡುವಂಥದ್ದು ಎಂದು ಆಗ ನನಗೆ ಅನ್ನಿಸಿರಲಿಲ್ಲ. ಹಾಗಾಗಿ ಇಲ್ಲಿನ ಸಂಭಾಷಣೆಗಳೆಲ್ಲ ನೆನಪಿನಿಂದ ಬಂದವು. ನನಗೇ ನಂಬಿಕೆ ಸಾಲದ ಕಡೆ ಹಾಗೆಂದು ಹೇಳಿಬಿಡುತ್ತೇನೆ.

ಮೈಸೂರಿನಲ್ಲಿ ಬಿ.ಎ. ಮುಗಿಸಿ, ಮದರಾಸಿನಲ್ಲಿ ವ್ಯಾಯಾಮ ಶಿಕ್ಷಣದ ಡಿಪ್ಲೊಮಾ ಮಾಡಿಕೊಂಡು ನಾನು ಸಾಗರದ ಹೈಸ್ಕೂಲಿಗೆ ಬಂದದ್ದು ಅರವತ್ತರ ದಶಕದ ಆರಂಭದಲ್ಲಿ. ನನ್ನ ಟ್ರಂಕಿನಲ್ಲಿ ಒಂದು ಹೊಸ ವಿದ್ಯೆ ಇತ್ತು. ದೂರದ ಓಟ ಗೆಲ್ಲಬೇಕಾದರೆ ದಿನವೂ ದೂರ ಓಡಿದರೆ ಸಾಲದು. ಅಳತೆ ಮಾಡಿದ ಸುತ್ತಿನಲ್ಲಿ ಒಂದು ಸುತ್ತು ಜೋರಾಗಿ, ಅರ್ಧ ಸುತ್ತು ತೀರ ನಿಧಾನವಾಗಿ, ಮತ್ತೆ ಜೋರಾಗಿ, ಮತ್ತೆ ನಿಧಾನವಾಗಿ, ಹೀಗೆ ಹತ್ತು ಹನ್ನೆರಡು ಸಲ ಓಡಬೇಕು. ನಡುವೆ ಬರುವ ನಿಧಾನದ ಹೊತ್ತಿನಲ್ಲಿ ಎದೆ ಪೂರ್ತಿ ತಣಿಯಬಾರದು, ಬಡಿತ ಸ್ವಲ್ಪ ಇಳಿಯುತ್ತಿದ್ದಂತೆ ಮುಂದಿನ ಸುತ್ತು ಹಿಡಿಯಬೇಕು. ಇಂಟರ್ವಲ್ ಎಂದು ನೀವೆಲ್ಲ ಕರೆಯುವುದು ಇದನ್ನೇ. ಮದರಾಸಿನ ಮೇಷ್ಟರು ಇದನ್ನು ಕಪ್ಪು ಹಲಗೆಯ ಮೇಲೆ ಗೆರೆ ಎಳೆದು ಕಲಿಸಿದ್ದರು. ಹಲಗೆ ಸಪಾಟಾಗಿತ್ತು. ಸಾಗರ ಹಾಗಿರಲಿಲ್ಲ.

ಶಾಲೆಯ ಅಂಗಳ ಪ್ರಾರ್ಥನೆಗೆ ನಿಲ್ಲುವಷ್ಟೇ ಇತ್ತು. ಆರು ಹುಡುಗರನ್ನು ವರದಮೂಲದ ರಸ್ತೆಗೆ ಕರೆದೊಯ್ದು, "ಆ ತಿರುವಿನ ತನಕ ಜೋರಾಗಿ ಓಡಿ, ವಾಪಸ್ ನಿಧಾನ ಬನ್ನಿ" ಎಂದೆ. ಜೋರಾಗಿ ಹೋದರು. ಬರಲೇ ಇಲ್ಲ. ಬಹಳ ಹೊತ್ತಿನ ಮೇಲೆ ಗೊಬ್ಬರದ ಗಾಡಿಯೊಂದು ತೂಗಾಡುತ್ತ ಬಂತು. ಆರೂ ಜನ ಅದರ ಹಿಂದೆ ಕಾಲು ಇಳಿಬಿಟ್ಟು ಕೂತಿದ್ದರು.

"ಏನ್ರೋ ಇದು?"

"ನಿಧಾನ ಬನ್ನಿ ಅಂದ್ರಲ್ಲ ಸಾರ್. ಇದಕ್ಕಿಂತ ನಿಧಾನ ನಮಗೆ ಬರಲ್ಲ."

ಆಗ ನನಗೆ ಕೋಪ ಬಂದಿತ್ತು ಎಂದು ದಿನಚರಿ ಹೇಳುತ್ತದೆ. ನಗು ಬಂದಿತ್ತು ಎಂದು ನನ್ನ ನೆನಪು ಹೇಳುತ್ತದೆ. ದಿನಚರಿಯನ್ನೇ ನಂಬುತ್ತೇನೆ.

ಸಾಗರದಿಂದ ಹೊಸನಗರಕ್ಕೆ ವರ್ಗವಾಯಿತು. ಅಲ್ಲಿನ ಹೆಡ್‌ಮಾಸ್ಟರು ಸಭ್ಯರು, ಆದರೆ ಚಲನೆ ಕಂಡರೆ ಆಗದವರು. ನಾನು ಸ್ಟಾಫ್ ರೂಮಿನ ಕಿಟಕಿಯಿಂದ ಬಾಗಿಲಿಗೆ, ಬಾಗಿಲಿಂದ ಕಿಟಕಿಗೆ ಓಡಾಡುವುದನ್ನು ನೋಡಿ, "ಒಂದು ಕಡೆ ಕೂತ್ಕೊಳ್ರೀ. ನಿಮ್ಮನ್ನ ನೋಡಿ ನೋಡಿ ನಂಗೆ ಕಾಲು ನೋವು ಬಂತು" ಎನ್ನುತ್ತಿದ್ದರು. ಶಾಲೆಗೆ ಒಂದೇ ಒಂದು ಸ್ಟಾಪ್‌ವಾಚ್. ಅದು ಅವರ ಬೀರುವಿನಲ್ಲಿರುತ್ತಿತ್ತು. ದಿನವೂ ಸಂಜೆ ಅದನ್ನು ಕೇಳಿ ಪಡೆಯುವುದು, ರಾತ್ರಿಯೊಳಗೆ ಹಿಂದಿರುಗಿಸುವುದು ನನ್ನ ಕೆಲಸದ ಒಂದು ಭಾಗವೇ ಆಗಿತ್ತು.

ಅಲ್ಲಿಯೂ ಸಪಾಟು ನೆಲವಿರಲಿಲ್ಲ. ಇದ್ದ ಸಪಾಟು ನೆಲವೆಲ್ಲ ಗದ್ದೆ, ಆ ಗದ್ದೆಗಳಲ್ಲಿ ಹೆಚ್ಚಿನವು ಲಿಂಗನಮಕ್ಕಿ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿದ್ದವು. ಮುಳುಗಡೆಯಾಗಿ ಕೆಲವೇ ವರ್ಷ ಕಳೆದಿತ್ತು. ಒಂದು ಬೇಸಿಗೆಯಲ್ಲಿ ಸೈಕಲ್ ಹತ್ತಿ ಅಲೆಯುತ್ತಿದ್ದಾಗ ಹಿನ್ನೀರು ಬಹಳ ದೂರ ಹಿಂದೆ ಸರಿದಿರುವುದು ಕಂಡಿತು. ಅದು ಬಿಟ್ಟುಹೋದ ಕಡೆ ನೆಲ ಬೂದು ಬಣ್ಣದ್ದು, ಅಲ್ಲಲ್ಲಿ ಮರದ ಬೊಡ್ಡೆ, ಹೊಸದಾಗಿ ಚಿಗುರಿದ ಗರಿಕೆ. ಬದುಗಳನ್ನು ಅಲೆಗಳು ತಿಂದು ಹಾಕಿದ್ದರಿಂದ ಗದ್ದೆ ಗದ್ದೆ ಸೇರಿ ದೊಡ್ಡ ಬಯಲಾಗಿತ್ತು. ನಾನು ಸೈಕಲ್ ಬಿಟ್ಟು ಇಳಿದು ಹುಚ್ಚನ ಹಾಗೆ ಹೆಜ್ಜೆ ಹಾಕಿ ಅಳೆದೆ. ಮಾರನೆಯ ದಿನ ಟೇಪು ತಂದು ನಾನೂರ ನಲವತ್ತು ಗಜದ ಸುತ್ತು ಅಳೆದು, ಅಕ್ಕಿ ಗಿರಣಿಯಿಂದ ಉಮಿಬೂದಿ ತರಿಸಿ ಗೆರೆ ಎಳೆದೆ. ಒಂದು ಕೊನೆಯಲ್ಲಿ ಜಂಬಿಟ್ಟಿಗೆಯ ಗಟ್ಟಿ ನೆಲ ಒಂದಿಷ್ಟಗಲ ಸಿಕ್ಕಿತು. ನೀರಿನಡಿ ವರ್ಷಗಟ್ಟಲೆ ಇದ್ದೂ ಸವೆದಿರಲಿಲ್ಲ. ತಿರುವಿನಲ್ಲಿ ಕಾಲು ಹೂಳದಿರಲಿ ಎಂದು ಟ್ರ್ಯಾಕಿನ ತಿರುವನ್ನು ಸರಿಯಾಗಿ ಅದರ ಮೇಲೆಯೇ ತಂದೆ. ಇಷ್ಟು ಒಳ್ಳೆಯ ತಿರುವು ಮದರಾಸಿನಲ್ಲೂ ಇರಲಿಲ್ಲ ಎಂದು ಬರೆದುಕೊಂಡಿದ್ದೇನೆ.

"ಮುಳುಗಿದ ಊರಲ್ಲಿ ಮಕ್ಕಳನ್ನ ಓಡಿಸ್ತೀರಂತಲ್ರೀ. ನೀರಿನ ಆಫೀಸಿನವರು ಬಂದು ಕೇಳಿದ್ರೆ ಏನು ಹೇಳ್ಲಿ?" ಎಂದರು ಹೆಡ್‌ಮಾಸ್ಟರು.

"ಮಳೆಗಾಲಕ್ಕೆ ವಾಪಸ್ ಕೊಡ್ತೀವಿ ಅನ್ನಿ ಸಾರ್" ಎಂದೆ. ಅವರು ನಗಲಿಲ್ಲ.

ಗುತ್ಯಪ್ಪ ಸಿಕ್ಕಿದ್ದು ಆ ಬಯಲಿನಲ್ಲಿ. ಅವನು ಶಾಲೆಯ ಹುಡುಗನಲ್ಲ. ಇಪ್ಪತ್ತು ದಾಟಿದ್ದ, ಮಿಡ್ಲ್ ಸ್ಕೂಲಿಗೆ ಓದು ಬಿಟ್ಟಿದ್ದ, ಬಿದಿರು ಲೋಡು ಮಾಡುವ ಕೂಲಿಗೆ ಹೋಗುತ್ತಿದ್ದ. ಮೂರು ಸಂಜೆ ದೂರ ನಿಂತು ನೋಡಿ, ನಾಲ್ಕನೆಯ ಸಂಜೆ ಪಂಚೆ ಎತ್ತಿ ಕಟ್ಟಿ ಹುಡುಗರ ಹಿಂದೆ ಓಡತೊಡಗಿದ. ಹುಡುಗರು ನಿಂತರೂ ಅವನು ನಿಲ್ಲಲಿಲ್ಲ.

"ಯಾವೂರು?" ಎಂದು ಕೇಳಿದೆ.

"ಇದೇ ಊರು ಸಾರ್. ಕೆಳಗಿನಕೊಪ್ಪ" ಎಂದು ಕಾಲಕೆಳಗಿನ ನೆಲ ತೋರಿಸಿದ. ಅವನ ಮನೆಯವರು ಈಗ ಕಾಡಂಚಿನಲ್ಲಿ ಕೊಟ್ಟ ಜಾಗದಲ್ಲಿದ್ದರು; ಆ ಹೊಸ ಊರಿನ ಹೆಸರನ್ನು ಅವನು ಹೇಳಲಿಲ್ಲ, ನಾನೂ ಕೇಳಲಿಲ್ಲ.

ಅವನಿಗೆ ಬೇಕಾದದ್ದು ಏನೆಂಬುದು ಎರಡನೆಯ ದಿನವೇ ತಿಳಿಯಿತು. ಪ್ರತಿ ವರ್ಷ ಮಳೆಗಾಲದ ಮುಂಚೆ ಶಿವಮೊಗ್ಗದಲ್ಲಿ ಮ್ಯಾರಥಾನ್ ನಡೆಯುತ್ತಿತ್ತು. ಮೀಸಲು ಪೊಲೀಸ್ ಪಡೆಯ ಸುಬೇದಾರರೊಬ್ಬರು ಅಲ್ಲಿ ಕುರ್ಚಿ ಹಾಕಿ ಕೂರುತ್ತಿದ್ದರು. ಮೊದಲ ಮೂವರೊಳಗೆ ಬಂದವರನ್ನು ಪಡೆಗೆ ತೆಗೆದುಕೊಳ್ಳುತ್ತಾರೆ ಎಂಬ ಮಾತು ಜಿಲ್ಲೆಯಲ್ಲೆಲ್ಲ ಹಬ್ಬಿತ್ತು. ಗುತ್ಯಪ್ಪನಿಗೆ ಆ ಮೂರರೊಳಗಿನ ಒಂದು ಜಾಗ ಬೇಕಿತ್ತು. "ಇನ್ನೆರಡು ವರ್ಷ ಕಳೆದ್ರೆ ವಯಸ್ಸಾತು ಅಂತಾರೆ ಸಾರ್. ಆಮೇಲೆ ಜೀವಮಾನವೆಲ್ಲ ಬಿದಿರೇ" ಎಂದ.

ಜೋರಾಗಿ ಓಡಲು ಅವನಿಗೆ ಕಲಿಸಬೇಕಿರಲಿಲ್ಲ. ನಿಧಾನ ಕಲಿಸುವುದರಲ್ಲಿ ನಾನು ಸುಸ್ತಾದೆ. ನಡುವಿನ ಅರ್ಧ ಸುತ್ತಿನಲ್ಲೂ ಅವನು ಬಿಡದೆ ನುಗ್ಗುತ್ತಿದ್ದ. ನಿಧಾನ, ನಿಧಾನ ಎಂದು ನಾನು ಕೂಗುತ್ತ ಜತೆಗೆ ಓಡುತ್ತಿದ್ದೆ. ಆ ಬಯಲಿನಲ್ಲಿ ಎಮ್ಮೆ ಮೇಯಿಸುವ ಹೂವಮ್ಮ ಎಂಬ ಹೆಂಗಸಿಗೆ ನಮ್ಮಿಬ್ಬರನ್ನು ನೋಡುವುದೇ ತಮಾಷೆ. ಅವಳೂ ಅದೇ ಮುಳುಗಡೆ ಊರಿನವಳೇ.

"ಹೋಯ್ ಗುತ್ಯಾ, ಯಾರಾದ್ರೂ ಅಟ್ಟಿಸ್ಕಂಡು ಬರ್ತಿದಾರೇನಾ?" ಎನ್ನುತ್ತಿದ್ದಳು. "ಮೇಷ್ಟ್ರೇ, ನನ್ನ ಎಮ್ಮೆ ಹಿಂದೆ ಬಿಡಿ ಅವನ್ನ. ನಿಧಾನ ಅಂದ್ರೆ ಎಂತದು ಅಂತ ಅದು ಕಲಿಸ್ತದೆ."

ತಮಾಷೆಯ ಮಾತನ್ನೇ ಹಿಡಿದೆ. ಮಧ್ಯದ ಅರ್ಧ ಸುತ್ತನ್ನು ಮೇಯುತ್ತ ಹೋಗುವ ಎಮ್ಮೆಯ ಪಕ್ಕ ನಡೆಯುವಂತೆ ಹೇಳಿದೆ. ಅದರ ಬೆನ್ನ ಮೇಲೆ ಕೈ ಇಟ್ಟು ಅವನು ನಡೆಯುವುದು, ನಾನು ಅವನ ಕತ್ತಿನ ನಾಡಿ ಹಿಡಿದು ಜತೆಗೆ ನಡೆಯುವುದು, ಎಮ್ಮೆಗೆ ಬೇಸರವಾಗಿ ದಿಕ್ಕು ಬದಲಿಸುವುದು. ಇಷ್ಟಾದರೂ ಒಂದು ತಿಂಗಳಲ್ಲಿ ಅವನ ಉಸಿರು ಹಿಡಿತಕ್ಕೆ ಬಂತು. ಎಂಟು ಸುತ್ತಿಗೆ ಕಂಗೆಡುತ್ತಿದ್ದವನು ಹದಿನೈದರ ತನಕ ಒಂದೇ ಹದದಲ್ಲಿ ಓಡತೊಡಗಿದ.

ಆಗ ಪೇಟೆಯ ಬಟ್ಟೆ ಅಂಗಡಿಯ ಜೈನ ಸಾಹುಕಾರರೊಬ್ಬರು ಅವನ ಓಟ ನೋಡಿ ಒಂದು ಜತೆ ಕ್ಯಾನ್ವಾಸ್ ಶೂ ಕೊಡಿಸಿದರು. ಗುತ್ಯಪ್ಪ ಅದನ್ನು ಹಾಕಿ, ಕಾಲನ್ನು ಹಿಂದೆ ಮುಂದೆ ತಿರುಗಿಸಿ ನೋಡಿಕೊಂಡ. ಅಂದು ಸಂಜೆ ಸುತ್ತಿನ ಹೊತ್ತು ನೋಡಿದೆ. ಪ್ರತಿ ಸುತ್ತಿಗೆ ಮೂರು ನಾಲ್ಕು ಸೆಕೆಂಡು ಹೆಚ್ಚು. ಹೊಸದು, ಕಾಲಿಗೆ ಹೊಂದಿಲ್ಲ ಎಂದುಕೊಂಡೆ. ವಾರ ಕಳೆದರೂ ಹಾಗೆಯೇ. ಬರಿಗಾಲಲ್ಲಿ ಓಡಿಸಿದೆ, ಹಳೆಯ ವೇಗ ಬಂತು. ಮತ್ತೆ ಶೂ ಹಾಕಿಸಿದೆ, ಮತ್ತೆ ನಿಧಾನ. ಓಟದ ಗೆರೆಯ ಬಳಿ ನಿಂತು ಗಮನಿಸಿದಾಗ ಕಂಡಿತು: ಶೂ ಹಾಕಿದ ದಿನ ಆಚೆ ತುದಿಯ ಗಟ್ಟಿ ತಿರುವಿನಲ್ಲಿ ಅವನು ಬೂದಿಗೆರೆ ಬಿಟ್ಟು ಬಹಳ ಹೊರಗೆ ಸರಿದು ಸುತ್ತಿ ಬರುತ್ತಿದ್ದ. ಬರಿಗಾಲಲ್ಲಿ ಗೆರೆಗೆ ಅಂಟಿಕೊಂಡೇ ಹೋಗುತ್ತಿದ್ದ.

ಕಾರಣ ನನಗೆ ತಕ್ಷಣ ಹೊಳೆಯಿತು. ಡಿಪ್ಲೊಮಾ ಓದಿದವನಲ್ಲವೇ? ರಬ್ಬರ್ ಅಡಿ ಗಟ್ಟಿ ನೆಲದಲ್ಲಿ ಜಾರುತ್ತದೆ, ಹುಟ್ಟಿದಾಗಿನಿಂದ ಬರಿಗಾಲಲ್ಲಿ ಇದ್ದವನ ಹಿಮ್ಮಡಿ ಶೂ ಒಳಗೆ ಹಿಡಿತ ಕಳೆದುಕೊಳ್ಳುತ್ತದೆ, ತಿರುವಿನಲ್ಲಿ ದೇಹ ಹೊರಗೆ ವಾಲುತ್ತದೆ. ಚಿತ್ರ ಸಮೇತ ದಿನಚರಿಯಲ್ಲಿ ಬರೆದಿದ್ದೇನೆ, ಬಾಣದ ಗುರುತುಗಳನ್ನೂ ಹಾಕಿ. ಇಂದು ಆ ಪುಟ ನೋಡಿದರೆ ಚಿತ್ರ ಎಷ್ಟು ಚೆನ್ನಾಗಿದೆ ಎಂದೇ ಮೊದಲು ಅನ್ನಿಸುತ್ತದೆ.

"ಶೂ ತೆಗೆದಿಡು ಗುತ್ಯಪ್ಪ. ಇನ್ನು ಮೇಲೆ ಬರಿಗಾಲು" ಎಂದೆ.

ಅವನು ಸ್ವಲ್ಪ ಹೊತ್ತು ನನ್ನ ಮುಖ ನೋಡಿದ. ಆಮೇಲೆ ಬಗ್ಗಿ ಲೇಸು ಬಿಚ್ಚಿದ. "ಆತು ಸಾರ್" ಎಂದ. ಧ್ವನಿಯಲ್ಲಿ ಏನೋ ಇತ್ತು ಎಂದು ಈಗ ಅನ್ನಿಸುತ್ತದೆ. ಆಗ ಅನ್ನಿಸಿತ್ತೇ? ಹೇಳಲಾರೆ. ಹೂವಮ್ಮ ಮಾತ್ರ ಎಮ್ಮೆಯ ಬಳಿಯಿಂದಲೇ, "ಒಳ್ಳೇ ಕೆಲಸ ಮಾಡಿದ್ರಿ ಮೇಷ್ಟ್ರೇ. ಓದಿದವರು ಅಂದ್ರೆ ಹಿಂಗಿರಬೇಕು" ಎಂದದ್ದು ಖಂಡಿತ ನೆನಪಿದೆ. ಹೊಗಳಿಕೆಯ ಮಾತು ಬೇಗ ಮರೆಯುವುದಿಲ್ಲ. ಒಬ್ಬ ಎಮ್ಮೆ ಕಾಯುವವಳಿಗೂ ನನ್ನ ಶಾಸ್ತ್ರ ಅರ್ಥವಾಯಿತಲ್ಲ ಎಂದು ಬೀಗುತ್ತ ಸೈಕಲ್ ತುಳಿದೆ.

ಓಟದ ದಿನ ಬಂತು. ಹಿಂದಿನ ದಿನವೇ ಬಸ್ಸಿನಲ್ಲಿ ಶಿವಮೊಗ್ಗಕ್ಕೆ ಹೋಗಿ ಉಳಿದಿದ್ದೆವು. ಬೆಳಕು ಹರಿಯುವಾಗಲೇ ಓಟ ಶುರುವಾಗಬೇಕಿತ್ತು, ಬಾವುಟ ಬೀಸುವ ಅತಿಥಿ ಬರಲಿಲ್ಲ. ಓಟಗಾರರು ನಿಂತರು, ಕೂತರು, ಮತ್ತೆ ನಿಂತರು. ನಾನು ರಸ್ತೆಯ ಆ ಕಡೆಯಿಂದ ಈ ಕಡೆಗೆ ಎಷ್ಟು ಸಲ ದಾಟಿದೆನೋ. ಬಿಸಿಲು ಏರುತ್ತಿತ್ತು. ಹೊಸನಗರದ ಸುತ್ತ ಇದ್ದವು ಹೆಚ್ಚಾಗಿ ಮಣ್ಣಿನ ರಸ್ತೆಗಳು; ಇಲ್ಲಿ ಉದ್ದಕ್ಕೂ ಟಾರು. ಅವನ ಜತೆ ಹೋಗಲು ಅಲ್ಲೇ ಬಾಡಿಗೆಗೆ ಹಿಡಿದ ಸೈಕಲ್ಲಿನ ಹಿಂದಿನ ಕ್ಯಾರಿಯರಿಗೆ ಶೂಗಳನ್ನು ಯಾಕೋ ಕಟ್ಟಿಕೊಂಡಿದ್ದೆ. ಯಾಕೆ ಎಂಬುದನ್ನು ಬಹಳ ಸಲ ಯೋಚಿಸಿದ್ದೇನೆ. ಮುಂದಾಲೋಚನೆ ಎಂದು ಬರೆದುಕೊಳ್ಳುವ ಆಸೆ ಆಗುತ್ತದೆ. ಹೋಟೆಲಿನಲ್ಲಿ ಬಿಟ್ಟರೆ ಕಳುವಾದೀತು ಎಂಬ ಹೆದರಿಕೆಯೇ ಇದ್ದಿರಬೇಕು.

ಅತಿಥಿ ಬಂದು ಬಾವುಟ ಬೀಸಿದಾಗ ನೆರಳು ಗಿಡ್ಡವಾಗಿತ್ತು. ಅರ್ಧ ದಾರಿಯವರೆಗೆ ಗುತ್ಯಪ್ಪ ಮುಂದಿನ ನಾಲ್ವರ ಜತೆಗಿದ್ದ. ತಿರುಗಿ ಬರುವ ದಾರಿಯಲ್ಲಿ ಟಾರು ಮೆತ್ತಗಾಗಿ ಹೊಳೆಯುತ್ತಿತ್ತು. ಅವನು ಏಳನೆಯವನಾಗಿ ಬರುತ್ತಿದ್ದ, ಹೆಜ್ಜೆ ಕುಂಟಾಗಿತ್ತು, ರಸ್ತೆಯ ಅಂಚಿನ ಮಣ್ಣಿಗೆ ಇಳಿದರೆ ಜಲ್ಲಿ ಚುಚ್ಚುತ್ತಿತ್ತು. ನಾನು ಸೈಕಲ್ ಅಡ್ಡ ಹಾಕಿದೆ.

"ಕೂತ್ಕೋ. ಕಾಲು ತೋರ್ಸು."

ಅಂಗಾಲು ಹಿಡಿದು ತಿರುಗಿಸಿ ನೋಡಿದೆ. ಚರ್ಮ ಎದ್ದು ಬೊಬ್ಬೆ ಒಡೆದಿತ್ತು.

"ಶೂ ಹಾಕ್ಕೋ."

"ಹಾಕ್ಕಳ್ಳಬಹುದಾ ಸಾರ್?"

"ನಿಧಾನ ಆದ್ರೆ ಆಗ್ಲಿ. ಹಾಕ್ಕೋ ಮೊದ್ಲು."

"ನಿಧಾನ ಎಂತಕ್ಕೆ ಆಗ್ತದೆ?"

"ಶೂ ಹಾಕಿದ್ರೆ ತಿರುವಲ್ಲಿ ಹೊರಗೆ ಜಾರ್ತೀಯಲ್ಲ ಮಾರಾಯ!"

ಅವನು ಒಂದು ಕಾಲಿಗೆ ಶೂ ತೂರಿಸುತ್ತಿದ್ದವನು ತಲೆ ಎತ್ತಿದ. "ಜಾರೋದಾ? ಅದು ಕಣ ಅಲ್ರಾ ಸಾರ್. ನಮ್ಮಪ್ಪನ ಕಣ. ಭತ್ತ ಬಡಿಯೋ ಜಾಗ. ಕಾಲಿಗೆ ಚಪ್ಪಲಿ ಮೆಟ್ಟಿಕಂಡು ಕಣ ಹತ್ತಾರಾ ಯಾರಾದ್ರೂ? ಅದಕ್ಕೇ ಸುತ್ತಿ ಬರ್ತಿದ್ದೆ."

ನಾನು ಟ್ರ್ಯಾಕಿನ ತಿರುವು ಎಂದುಕೊಂಡಿದ್ದ ಗಟ್ಟಿ ನೆಲ ಅದು.

"ಮತ್ತೆ ಬರಿಗಾಲಲ್ಲಿ ಓಡು ಅಂದಾಗ ಯಾಕೋ ಸುಮ್ನಿದ್ದೆ?"

"ನಿಮಗೆ ಗೊತ್ತಾಗೇ ಹೇಳಿದ್ರಿ ಅಂದ್ಕಂಡೆ. ಮೇಷ್ಟ್ರು ಕಣಕ್ಕೆ ಮರ್ಯಾದೆ ಕೊಟ್ರು ಅಂತ ಮನೇಲೂ ಹೇಳಿದ್ದೆ. ಅಪ್ಪ ಕಣ್ಣೀರು ಹಾಕಿದ."

"ಈ ಟಾರು ರಸ್ತೇಲಿ ಎಲ್ಲಿದೆಯೋ ಕಣ!"

"ನೀವೇ ಏನಾದ್ರೂ ಹರಕೆ ಹೊತ್ತಿದೀರೇನೋ ಅಂದ್ಕಂಡೆ ಸಾರ್. ಹರಕೆ ವಿಷಯ ಕೇಳಬಾರದಲ್ಲ."

ಇಷ್ಟೂ ಮಾತು ಅಲ್ಲೇ, ಆ ರಸ್ತೆಯ ಬದಿಯಲ್ಲೇ ಆಯಿತೇ, ಅಥವಾ ಸ್ವಲ್ಪ ಅಲ್ಲಿ, ಉಳಿದದ್ದು ಸಂಜೆ ಬಸ್ಸಿನಲ್ಲಿ ಆಯಿತೇ? ಓಟದ ನಡುವೆ ಯಾರು ಇಷ್ಟು ಮಾತಾಡುತ್ತಾರೆ ಎಂದು ನನ್ನೊಳಗಿನ ಅನುಮಾನಗಾರ ಕೇಳುತ್ತಾನೆ. ಕಣದ ಮಾತು ರಸ್ತೆಯಲ್ಲೇ ಆದದ್ದು ಎಂಬುದು ಖಚಿತ. ಶೂವಿನ ಲೇಸನ್ನು ನಾನೇ ಕಟ್ಟುತ್ತಿದ್ದೆ, ಅವಸರದಲ್ಲಿ ಗಂಟು ಬೀಳಲಿಲ್ಲ, ಅವನು ನನ್ನ ಕೈ ಸರಿಸಿ ತಾನೇ ಕಟ್ಟಿಕೊಂಡ.

ಎದ್ದು ನಿಂತವನು, "ಸುತ್ತಿನ ಹಾಗೆ ಓಡ್ಲಾ ಸಾರ್?" ಎಂದ.

ಆ ಕಾಲದಲ್ಲಿ ರಸ್ತೆಯ ಬದಿಗೆ ಫರ್ಲಾಂಗಿಗೊಂದು ಚಿಕ್ಕ ಕಲ್ಲು ನೆಟ್ಟಿರುತ್ತಿದ್ದರು. ಒಂದು ಕಲ್ಲಿನಿಂದ ಮುಂದಿನದಕ್ಕೆ ಜೋರು, ಅಲ್ಲಿಂದ ಮುಂದಿನದಕ್ಕೆ ನಿಧಾನ. ಮ್ಯಾರಥಾನನ್ನು ಹಾಗೆ ಓಡಬೇಕೆಂದು ಯಾವ ಪುಸ್ತಕವೂ ಹೇಳಿರಲಿಲ್ಲ. ಹಾಗೆ ಓಡಬಾರದು ಎಂದೇ ನಾನು ಕಲಿತದ್ದು. ಆದರೆ ಆ ಕಾಲಿಗೆ ಒಂದೇ ಹದದಲ್ಲಿ ನೋವು ತಾಳುವುದು ಆಗುತ್ತಿರಲಿಲ್ಲ. ಒಂದು ಕಲ್ಲಿನವರೆಗೆ ಎಂದರೆ ಆಗುತ್ತಿತ್ತು. ನಾನು ಪಕ್ಕದಲ್ಲಿ ಸೈಕಲ್ ತುಳಿಯುತ್ತ "ಜೋರು!" "ಬಿಡು!" "ಜೋರು!" ಎಂದು ಕೂಗಿದೆ. "ಬಿಡು" ಎಂದಾಗ ಅವನು ಮೊದಲ ಸಲ ನಿಜವಾಗಿ ಬಿಟ್ಟ; ಹೆಗಲು ಇಳಿಸಿ, ಬಾಯಿ ತೆರೆದು, ಎಮ್ಮೆಯ ಪಕ್ಕ ನಡೆಯುವವನ ಹಾಗೆ. ಆರನೆಯವನನ್ನು ದಾಟಿದ. ಐದನೆಯವನು ರಸ್ತೆಯ ಬದಿಯ ಮರಕ್ಕೆ ಒರಗಿ ನಿಂತಿದ್ದ. ನಾಲ್ಕನೆಯವನನ್ನು ಪೇಟೆಯ ಮೊದಲ ಮನೆಗಳ ಹತ್ತಿರ ದಾಟಿದ. ಮೂರನೆಯವನ ಬೆನ್ನು ಕಾಣುತ್ತಿತ್ತು, ಕೂಗಿದರೆ ಕೇಳುವಷ್ಟು ದೂರ. ಕಲ್ಲುಗಳು ಮುಗಿದವು. ಬೆನ್ನು ಹಾಗೇ ಮುಂದೆ ಹೋಯಿತು.

ಅವನು ನಾಲ್ಕನೆಯವನಾಗಿ ಬಂದ.

ಮುಗಿಸಿದವನನ್ನು ಹಿಡಿದು ಕೂರಿಸಿ ಶೂ ಬಿಚ್ಚಲು ಹೋದೆ. "ತೆಗೀಬೇಡಿ ಸಾರ್. ತೆಗೆದ್ರೆ ಮತ್ತೆ ಹಾಕ್ಕಳ್ಳಕ್ಕೆ ಆಗಲ್ಲ. ಬಸ್ ಸ್ಟ್ಯಾಂಡ್ ತನಕ ನಡೀಬೇಕಲ್ಲ" ಎಂದ. ನಾನು ಸುಬೇದಾರರ ಕುರ್ಚಿಯ ಬಳಿಗೆ ಓಡಿದೆ. ತಪ್ಪು ನನ್ನದು, ಅವನನ್ನು ಬರಿಗಾಲಲ್ಲಿ ಬಿಟ್ಟವನು ನಾನು, ಶೂ ಹಾಕಲು ನಿಂತ ಹೊತ್ತು ಉಳಿದಿದ್ದರೆ ಆ ಮೂರನೆಯವನನ್ನು ಎರಡು ಸಲ ಹಿಡಿಯುತ್ತಿದ್ದ ಎಂದೆಲ್ಲ ಹೇಳಿದೆ. ಕಣದ ವಿಷಯವನ್ನೂ ಹೇಳಿದೆನೆಂದು ಕಾಣುತ್ತದೆ, ಅವರು ಹುಬ್ಬು ಗಂಟಿಕ್ಕಿದ್ದು ನೆನಪಿದೆ.

"ಮೇಷ್ಟ್ರೇ," ಎಂದರು, "ನಾಲ್ಕನೆಯವನಿಗೆ ಯಾವಾಗಲೂ ಒಂದು ಕಥೆ ಇರುತ್ತೆ. ಮೂರು ಅಂದ್ರೆ ಮೂರು. ಮುಂದಿನ ವರ್ಷ ಕರ್ಕೊಂಡು ಬನ್ನಿ."

ಬಸ್ಸಿನಲ್ಲಿ ಅವನು ನನ್ನನ್ನು ಬಯ್ಯಲಿ ಎಂದು ಕಾದೆ. ಬಯ್ಯಲಿಲ್ಲ. ಮೂರನೆಯವನ ಬಗ್ಗೆಯೇ ಕೇಳಿದ: ಅವನು ಎಲ್ಲಿಯವನು, ಅವನಿಗೆ ಯಾರು ಹೇಳಿಕೊಡುತ್ತಾರೆ, ಅವನೂ ಸುತ್ತು ಓಡುತ್ತಾನೆಯೇ. ಬಯ್ದಿದ್ದರೆ ನನಗೆ ಆ ರಾತ್ರಿ ನಿದ್ದೆ ಬರುತ್ತಿತ್ತು.

ಮಳೆ ಹಿಡಿಯುತ್ತಿದ್ದಂತೆ ನನಗೆ ತೀರ್ಥಹಳ್ಳಿಗೆ ವರ್ಗವಾಯಿತು. ಸಾಮಾನು ಕಟ್ಟುತ್ತಿದ್ದ ದಿನ ಗುತ್ಯಪ್ಪ ಬಂದ.

"ಅಲ್ಲಿ ಓಡಕ್ಕೆ ಜಾಗ ಇದ್ಯಾ ಸಾರ್?"

"ನೋಡಿಲ್ಲ. ಇರಲಿಕ್ಕಿಲ್ಲ."

"ರಸ್ತೆ?"

"ರಸ್ತೆ ಇದೆ."

"ಹಂಗಾರೆ ನಾನೂ ಬತ್ತೀನಿ."

ಬಂದ. ಅಲ್ಲಿಯ ಅಕ್ಕಿ ಗಿರಣಿಯಲ್ಲಿ ಮೂಟೆ ಹೊರುವ ಕೆಲಸ ಹಿಡಿದ. ಮಳೆ ಜಡಿದು ಹೊರಗೆ ಕಾಲಿಡಲಾಗದ ದಿನ ಗೋದಾಮಿನಲ್ಲಿ ಮೂಟೆಗಳ ಸುತ್ತ ಓಡಿದ. ಮಾಲೀಕರು ಮೊದಲು ಬೈದರು, ಆಮೇಲೆ ಬೆಂಚು ಹಾಕಿ ಕೂತು ನೋಡಿದರು. ಮಳೆ ಬಿಟ್ಟ ಮೇಲೆ ಅರಳಸುರಳಿ ಕಡೆಯ ರಸ್ತೆ, ಫರ್ಲಾಂಗ್ ಕಲ್ಲಿನಿಂದ ಕಲ್ಲಿಗೆ. ಏರು ಇಳಿಜಾರು ಎರಡೂ ಇದ್ದದ್ದರಿಂದ ಸೆಕೆಂಡುಗಳನ್ನು ಹೋಲಿಸುವುದೇ ಆಗುತ್ತಿರಲಿಲ್ಲ. ವಿಧಾನ ಬದಲಾಯಿಸಲೇಬೇಕಾಯಿತು. ವಾಚು ನೋಡುವ ಮುಂಚೆ ಅವನನ್ನು ಕೇಳುತ್ತಿದ್ದೆ: ಈ ಕಲ್ಲಿನವರೆಗೆ ಹೇಗಿತ್ತು? ಎಲ್ಲಿ ಹೆಜ್ಜೆ ಬದಲಾಯಿಸಿದೆ? ಯಾಕೆ? ಆ ಕೊನೆಯ ಪ್ರಶ್ನೆಯನ್ನು ಬಿಡುತ್ತಿರಲಿಲ್ಲ.

"ನಾಯಿ ಮಲಗಿತ್ತು ಸಾರ್. ಅದಕ್ಕೆ ಬದಿಗೆ ಹೋದೆ."

"ಬೇರೇನಿಲ್ಲವಾ?"

"ನಾಯಿ ಅಷ್ಟೇ ಸಾರ್. ಹಿಂಗೆ ಕೇಳ್ತಾ ಕೂತ್ರೆ ಓಡೋದ್ಯಾವಾಗ?"

ಹೊಸ ಶಿಕ್ಷಕರು ಕೇಳಿದ ಪ್ರಶ್ನೆಗೆ ನಾನು ಅಂದು ಕೊಡಬೇಕಿದ್ದ ಉತ್ತರ ಇಷ್ಟೇ ಎನ್ನಿಸುತ್ತದೆ. ಈಗ ನಿಮ್ಮ ಬಳಿ ಇರುವ ಯಂತ್ರ ಎದೆಬಡಿತ, ದೂರ, ಹೆಜ್ಜೆ ಎಲ್ಲ ತೋರಿಸುತ್ತದಂತೆ. ಒಳ್ಳೆಯದು. ಅದು ತೋರಿಸಿದ್ದಕ್ಕೆ ಕಾರಣ ಹೊಳೆದ ಕೂಡಲೇ ಸ್ವಲ್ಪ ತಡೆದು, ಓಡಿದವನನ್ನು ಕೇಳಿ. ನನಗೆ ಕಾರಣಗಳು ಬೇಗ ಹೊಳೆಯುತ್ತವೆ; ಈ ವಯಸ್ಸಿನಲ್ಲೂ ಆ ಚಾಳಿ ಹೋಗಿಲ್ಲ.

ಮರುವರ್ಷ ಶಿವಮೊಗ್ಗದಲ್ಲಿ ಬಾವುಟ ಹೊತ್ತಿಗೆ ಸರಿಯಾಗಿ ಬಿತ್ತು. ಗುತ್ಯಪ್ಪ ಸವೆದು ಹೊಲಿದ ಅದೇ ಶೂಗಳಲ್ಲಿ ಓಡಿ ಎರಡನೆಯವನಾಗಿ ಬಂದ. ನಾನು ಜತೆಗೆ ಸೈಕಲ್ ತುಳಿಯಲಿಲ್ಲ. ಕೂಗಿ ಅವನ ಹದ ಕೆಡಿಸಿಬಿಡುತ್ತೇನೆ ಎಂಬ ಹೆದರಿಕೆ. ಕೊನೆಯ ಗೆರೆಯ ಬಳಿ ನಿಂತು, ನಿಲ್ಲಲಾರದೆ, ಗುಂಪಿನ ಹಿಂದೆ ಓಡಾಡುತ್ತಿದ್ದೆ. ಹಾಗಾಗಿ ಅವನು ಗೆರೆ ದಾಟಿದ್ದನ್ನು ನಾನು ನೋಡಲೇ ಇಲ್ಲ. ಗುಂಪು ಸೀಳಿಕೊಂಡು ಮುಂದೆ ಬಂದಾಗ ಅವನು ಆಗಲೇ ಸುಬೇದಾರರ ಮೇಜಿನ ಮುಂದೆ ನಿಂತಿದ್ದ, ಬೆವರು ಕಾಗದಗಳ ಮೇಲೆ ತೊಟ್ಟಿಕ್ಕದಂತೆ ಒಂದು ಹೆಜ್ಜೆ ಹಿಂದೆ.

"ಇವನು ಹೋದ ವರ್ಷದ ನಾಲ್ಕನೆಯವನಲ್ವೇನ್ರೀ?" ಎಂದರು ಸುಬೇದಾರರು ನನ್ನನ್ನು ನೋಡಿ. ಪಕ್ಕದ ಗುಮಾಸ್ತನಿಗೆ, "ಹೆಸರು ಬರ್ಕೊಳ್ರೀ" ಎಂದರು.

ಗುಮಾಸ್ತ ಹೆಸರು, ತಂದೆಯ ಹೆಸರು ಬರೆದುಕೊಂಡ. "ಸ್ವಂತ ಊರು?"

"ಕೆಳಗಿನಕೊಪ್ಪ, ಹೊಸನಗರ ತಾಲ್ಲೂಕು."

ಗುಮಾಸ್ತ ಆ ಕಡೆಯವನೇ ಇರಬೇಕು. ಪೆನ್ನು ಎತ್ತಿ ಹಿಡಿದ. "ಅದು ಮುಳುಗಡೆ ಊರಲ್ವೇನೋ? ನಿನ್ನ ನಡತೆ ವಿಚಾರಿಸಕ್ಕೆ ಊರಿಗೆ ಜನ ಕಳಿಸ್ತಾರೆ. ನೀರೊಳಗೆ ಯಾರನ್ನ ಕೇಳೋದು? ಈಗಿರೋ ಊರು ಹೇಳು."

ಗುತ್ಯಪ್ಪ ತೋಳಿನಿಂದ ಮುಖದ ಬೆವರು ಒರೆಸಿಕೊಂಡ. ಇಷ್ಟು ದೂರ ಬಂದು ಒಂದು ಊರಿನ ಹೆಸರಿಗೆ ಇವನು ಹಟ ಹಿಡಿದರೆ? ಕಾಡಂಚಿನ ಆ ಹೊಸ ಊರಿನ ಹೆಸರು ಹೇಳಿ ಮುಗಿಸಿಬಿಡೋಣ ಎಂದು ಬಾಯಿ ತೆರೆದೆ. ಒಂದು ವರ್ಷಕ್ಕೂ ಮೇಲೆ ಜತೆಗಿದ್ದೂ ಆ ಹೆಸರು ನನಗೆ ಗೊತ್ತಿರಲಿಲ್ಲ.

"ಅದನ್ನೇ ಬರ್ಕಳ್ಳಿ ಸಾರ್" ಎಂದ ಗುತ್ಯಪ್ಪ. ಇನ್ನೂ ಏದುಸಿರು ಬಿಡುತ್ತಿದ್ದ. "ಈಗ ಬೇಸಿಗೆ. ಊರು ಮೇಲಿದೆ. ಮಳೆ ಬರೋದ್ರೊಳಗೆ ಕಳಿಸಿದ್ರೆ ಆತು, ವಿಚಾರಿಸಬಹುದು."

ಗುಮಾಸ್ತ ಸುಬೇದಾರರ ಮುಖ ನೋಡಿದ. ಸುಬೇದಾರರು ಗುತ್ಯಪ್ಪನನ್ನು ಕಾಲಿನಿಂದ ತಲೆಯವರೆಗೆ ಒಮ್ಮೆ ನೋಡಿ, ಬರೆಯಿರಿ ಎಂಬಂತೆ ಕೈ ಆಡಿಸಿದರು. ಗುಮಾಸ್ತ ಬರೆದುಕೊಂಡ.